ಗಾಳಿಗೆ ಇಡದ ತೊಟ್ಟಿಲು

ವಾರ್ನಿಶ್‌ನ ಎರಡನೆಯ ಕೈ ಹಚ್ಚಿ ಮುಗಿಯುವ ಹೊತ್ತಿಗೆ ಗುಲಾಬಬಿಗೆ ತನ್ನ ಬೆರಳ ತುದಿಗಳು ತನ್ನವಲ್ಲ ಅನ್ನಿಸತೊಡಗಿತ್ತು. ಹತ್ತಿಯ ಉಂಡೆಗೆ ಹಳೆಯ ಮಲ್ಲಿನ ಬಟ್ಟೆ ಸುತ್ತಿ ಮಾಡಿದ ಚೆಂಡನ್ನು ವಾರ್ನಿಶ್‌ನಲ್ಲಿ ಅದ್ದಿ, ಬೋಗುಣಿಯ ಅಂಚಿಗೆ ಒತ್ತಿ ಹಿಂಡಿ, ತೊಟ್ಟಿಲ ಹಲಗೆಯ ಮೇಲೆ ಎಡದಿಂದ ಬಲಕ್ಕೆ ಒಂದೇ ಸಮನೆ ಎಳೆದಳು. ಹಲಗೆಯ ಮೇಲೆ ಬರೆದ ಗಿಳಿಗಳು ಆಗಷ್ಟೇ ನೀರಿನಿಂದ ಎದ್ದು ಬಂದಂತೆ ಹೊಳೆದವು. ನಡುವೆ ಕೈ ನಿಲ್ಲಿಸುವಂತಿಲ್ಲ; ನಿಲ್ಲಿಸಿದಲ್ಲಿ ಗೆರೆ ಉಳಿಯುತ್ತದೆ. ಉಸಿರು ಹಿಡಿದು ಎಳೆಯಬೇಕು, ಹಲಗೆ ಮುಗಿದಾಗ ಬಿಡಬೇಕು. ಹಾಗೆ ಹಿಡಿದಿಟ್ಟು ಬಿಟ್ಟ ಮೇಲೆ ಎಳೆದುಕೊಳ್ಳುವ ಉಸಿರು ದೊಡ್ಡದು. ಅದರ ಜೊತೆಗೆ ಆ ವಾಸನೆಯೂ ಅಷ್ಟೇ ಆಳಕ್ಕೆ ಇಳಿಯುತ್ತಿತ್ತು.

ಬಾಗಿಲು ಮುಚ್ಚಿತ್ತು. ಅದರ ಕೆಳಗಿನ ಸಂದಿಗೆ ಗೋಣಿತಟ್ಟು ತುರುಕಿತ್ತು. ಓಣಿಯ ಕಡೆಗಿದ್ದ ಕಿಟಕಿಗೆ ಅವಳ ಅತ್ತೆ ದಸ್ತಗೀರಬಿಯ ಕಾಲದಲ್ಲೇ ಹಲಗೆ ಬಡಿದಿದ್ದರು. ಮಾಳಿಗೆಯ ಬೆಳಕಿಂಡಿಗೆ ಗಾಜು ಕೂಡಿಸಿದ್ದರಿಂದ ಅಲ್ಲಿಂದ ಬೆಳಕು ಬರುತ್ತಿತ್ತು, ಗಾಳಿ ಬರುತ್ತಿರಲಿಲ್ಲ.

ಕೋಣೆಯ ನಡುವೆ, ತೊಲೆಗೆ ಬಿಗಿದ ಸರಪಳಿಯಲ್ಲಿ ತೊಟ್ಟಿಲು ತೂಗುತ್ತಿತ್ತು. ತೂಗುತ್ತಿತ್ತು ಅಂದರೆ ತಪ್ಪಾದೀತು. ಅಲುಗದೆ ನಿಂತಿತ್ತು. ಅದು ಅಲುಗಬಾರದು ಎಂಬುದಕ್ಕೇ ಆ ಕೋಣೆ. ಕೂಸಿಲ್ಲದ ತೊಟ್ಟಿಲನ್ನು ಯಾರೂ ತೂಗುವುದಿಲ್ಲ, ತೂಗಿದರೆ ಆ ಮನೆಗೆ ಕೂಸು ದಕ್ಕುವುದಿಲ್ಲ ಎಂದು ಇಳಕಲ್ಲಿನಲ್ಲಿ ಎಲ್ಲ ಮನೆಯವರೂ ನಂಬುತ್ತಾರೆ. ತೊಟ್ಟಿಲು ಮಾಡುವ ಈ ಮನೆಯವರ ಭಯ ಇನ್ನೂ ಹೆಚ್ಚಿನದು. ಗಾಳಿಯೂ ತೂಗಬಾರದು. ಆರಲು ಇಟ್ಟ ಹಸಿ ತೊಟ್ಟಿಲು ಗಾಳಿಗೆ ಒಮ್ಮೆ ಆಚೀಚೆ ಆಡಿದರೆ ಅದನ್ನು ಕೊಂಡವರ ಮನೆಯಲ್ಲಿ ಏನಾದರೂ ಆದೀತು, ಹಾಗಾದರೆ ಮಾಡಿದವರ ಹೆಸರು ಕೆಟ್ಟೀತು. ಹಾಗಾಗಿ ಗಾಳಿಯನ್ನೇ ಹೊರಗಿಟ್ಟಿದ್ದರು.

ಅವಳ ಗಂಡ ಖಾಸಿಂಸಾಬನೂ ಮಗ ಅಹ್ಮದಸಾಬನೂ ಮುಂದಿನ ಪಡಸಾಲೆಯಲ್ಲಿ ಕಟ್ಟಿಗೆ ಕೆತ್ತಿ ಬಣ್ಣ ಬರೆಯುತ್ತಿದ್ದರು. ವಾರ್ನಿಶ್ ಕುದಿಸುವವರೂ ಅವರೇ. ಅಗಸೆ ಎಣ್ಣೆ ಕಾಯಿಸಿ ರಾಳ ಕರಗಿಸುವಾಗ ಬೆಂಕಿ ಹತ್ತಿಕೊಂಡೀತೆಂದು ಆ ಕೆಲಸವನ್ನು ಹಿತ್ತಿಲ ಬಯಲಿನಲ್ಲಿ ಮಾಡುತ್ತಿದ್ದರು. "ಗಾಳಿಗೆ ಬೆನ್ನ ಕೊಟ್ಟ ನಿಂದ್ರಲೇ, ಹೊಗಿ ಎದಿಗೆ ಕುಂದ್ರತೈತಿ" ಎಂದು ಖಾಸಿಂಸಾಬ ಮಗನಿಗೆ ಚಿಕ್ಕಂದಿನಲ್ಲೇ ಕಲಿಸಿದ್ದ. ಅದೇ ವಾರ್ನಿಶ್ ಟರ್ಪಂಟೈನ್ ಬೆರೆತು ಬೋಗುಣಿಯಲ್ಲಿ ಒಳಗೆ ಬಂದ ಮೇಲೆ ಅದು ಯಾರ ಎದೆಗೆ ಕೂಡುತ್ತದೆ ಎಂಬ ಮಾತು ಆ ಮನೆಯಲ್ಲಿ ಎದ್ದದ್ದೇ ಇಲ್ಲ. ಜರ್ಮನ್ನರ ಯುದ್ಧ ಶುರುವಾದಾಗಿನಿಂದ ಟರ್ಪಂಟೈನ್ ಸಿಗುವುದು ಕಷ್ಟವಾಗಿ, ಖಾಸಿಂಸಾಬ ಅರ್ಧಕ್ಕರ್ಧ ಚಿಮಣಿ ಎಣ್ಣೆ ಬೆರೆಸುತ್ತಿದ್ದ. ಆಮೇಲಿಂದ ಗುಲಾಬಬಿಗೆ ಮಧ್ಯಾಹ್ನದ ಹೊತ್ತಿಗೆ ಹಣೆಯೊಳಗೆ ಯಾರೋ ಉಳಿ ಹೊಡೆದಂತಾಗುತ್ತಿತ್ತು.

ಅವಳಿಗೆ ಕೆಮ್ಮು ಬಂತು. ತೊಟ್ಟಿಲ ಆಚೆ ಮಗ್ಗುಲಲ್ಲಿ ಕೂತಿದ್ದ ಸೊಸೆ ಜೋಹರಾ ನಕ್ಕಳು.

"ಫುಪ್ಪೂ, ನಿಮ್ಮ ಕಡಿ ಗಿಳಿ ಕೆಮ್ಮಾಕತ್ತಾವು ನೋಡ್ರಿ. ನನ್ನ ಕಡೀವು ಸುಮ್ಮನ ಅದಾವು."

ಜೋಹರಾ ಗುಡೂರಿನವಳು, ಗುಲಾಬಬಿಯ ಅಣ್ಣನ ಮಗಳು. ಸೊಸೆಯಾಗಿ ಬಂದ ಮೇಲೂ ಸೋದರತ್ತೆಯನ್ನು ಮೊದಲಿನಂತೆ ಫುಪ್ಪೂ ಎಂದೇ ಕರೆಯುತ್ತಿದ್ದಳು. ಹೋದ ವರ್ಷ ಐದು ತಿಂಗಳಿಗೆ ಹೊಟ್ಟೆ ಇಳಿದಿತ್ತು. ಈಗ ಮತ್ತೆ ನಾಲ್ಕು ತುಂಬಿತ್ತು.

"ಹೊರಗ ಹೋಗಿ ಒಂದ ತಂಬಿಗಿ ನೀರ ತಾರವ್ವಾ," ಎಂದಳು ಗುಲಾಬಬಿ.

"ಈಗ ತಂದೇನಲ್ಲ? ನಿಮ್ಮ ಮೊಣಕಾಲ ಮುಂದ ಐತಿ."

"ಅದು ಬೆಚ್ಚಗಾಗೈತಿ. ಹಿತ್ತಲದಾಗ ಹರವಿ ಐತಲ್ಲ, ಅದರಾಗಿಂದು ತಾ. ಅವಸರ ಇಲ್ಲ, ಗಿಡದ ಬುಡಕ ಒಂದೀಟ ಕುಂತು ಬಾ."

"ಮುಂಜಾನಿಂದ ಒಮ್ಮೆ ನೀರ, ಒಮ್ಮೆ ಒಲಿ, ಒಮ್ಮೆ ಕೋಳಿ. ಈಗ ಮತ್ತ ನೀರ! ನಾ ಇಲ್ಲಿ ಕುಂತ್ರ ನಿಮಗ ಏನ ಚುಚ್ಚತೈತ್ರಿ?" ಎಂದು ಜೋಹರಾ ನಗುತ್ತಲೇ ಅಂದಳು, ಎದ್ದೇಳಲಿಲ್ಲ. "ಈ ಮಗ್ಗಲ ಮುಗಿಸಿ ಹೋಗ್ತೇನಿ. ನಡುವ ಬಿಟ್ರ ಗೆರಿ ಬೀಳತೈತಿ."

ಅವಳ ಕೈಗೆ ಗೆರೆ ಬೀಳುತ್ತಿರಲಿಲ್ಲ. ಅದು ಗುಲಾಬಬಿಗೂ ಗೊತ್ತಿತ್ತು. ತನ್ನ ಕೆಲಸ ನೋಡಿ ಇಷ್ಟು ವರ್ಷಗಳಲ್ಲಿ "ಛಲೋ ಆಗೈತಿ" ಎಂದು ಒಮ್ಮೆಯೂ ಅನ್ನದ ಖಾಸಿಂಸಾಬ, ಸೊಸೆ ಹೊಳಪಿಟ್ಟ ಮೊದಲ ತೊಟ್ಟಿಲಿನಲ್ಲಿ ಬಗ್ಗಿ ತನ್ನ ಗಡ್ಡ ನೋಡಿಕೊಂಡು, "ಈ ಹುಡುಗಿ ಕೈಯಾಗ ಕನ್ನಡಿ ಐತಿ" ಅಂದಿದ್ದ. ಅವತ್ತು ಜೋಹರಾ ಮನೆತುಂಬ ಕಾಲು ನೆಲಕ್ಕೆ ತಾಗದ ಹಾಗೆ ಓಡಾಡಿದ್ದಳು. ಗುಲಾಬಬಿಗೆ ಅವತ್ತು ರೊಟ್ಟಿ ಗಂಟಲಲ್ಲಿ ಇಳಿದಿರಲಿಲ್ಲ. ಅದಕ್ಕೆ ಕಾರಣ ಏನೆಂದು ಅವಳು ತನ್ನನ್ನೂ ಕೇಳಿಕೊಂಡಿರಲಿಲ್ಲ.

ಅಷ್ಟರಲ್ಲಿ ಹೊರಗೆ ಗಾಡಿ ನಿಂತ ಸಪ್ಪಳವಾಯಿತು. ತೊಟ್ಟಿಲಿಗೆ ಹೇಳಿದ್ದ ಹುನಗುಂದದ ವಕೀಲ ಕೃಷ್ಣಾಜಿಯವರ ಹೆಂಡತಿ ಪ್ರೇಮಾಬಾಯಿ, ಮಗಳು ಕುಮುದಿನಿಯನ್ನು ಕರೆದುಕೊಂಡು ಕೆಲಸ ಎಲ್ಲಿಗೆ ಬಂದಿದೆ ಎಂದು ನೋಡಲು ಬಂದಿದ್ದರು. ಮಗಳು ಚೊಚ್ಚಲು ಬಸುರಿ. ತೊಟ್ಟಿಲು ಅವಳಿಗೇ.

ಖಾಸಿಂಸಾಬ ಕೋಣೆಯ ಬಾಗಿಲು ತೆಗೆದ. ಪ್ರೇಮಾಬಾಯಿ ಹೊಸ್ತಿಲ ಹತ್ತಿರ ಬಂದವರೇ ಸೆರಗು ಮೂಗಿಗೆ ಒತ್ತಿಕೊಂಡರು.

"ಅಯ್ಯ, ಏನ ವಾಸನೀನೋ ಮಾರಾಯಾ! ಕಣ್ಣಾಗ ನೀರ ಬರತಾವಲ್ಲೋ."

"ನಾನೂ ನೋಡ್ತೇನಿ, ಅವ್ವಾ" ಎಂದು ಕುಮುದಿನಿ ಹಿಂದಿನಿಂದ ಇಣುಕಿದಳು. ಪ್ರೇಮಾಬಾಯಿ ತಿರುಗಿ ಅವಳ ರಟ್ಟೆ ಹಿಡಿದು ಹಿಂದಕ್ಕೆ ನೂಕಿದರು.

"ಹಿಂದ ಸರಿ! ಹೊಟ್ಟ್ಯಾಗ ಕೂಸ ಇಟಗೊಂಡು ಇದನ್ನ ಕುಡೀತೀಯೇನ? ಹೋಗಿ ಬೇವಿನ ಗಿಡದ ಕೆಳಗ ನಿಂದ್ರ ಹೋಗು. ತೊಟ್ಟಿಲಾ ಎಲ್ಲಿ ಓಡಿ ಹೋಗೂದಿಲ್ಲ."

"ಖರೆ ಐತ್ರಿ ಬಾಯಾರ" ಎಂದ ಖಾಸಿಂಸಾಬ, ಕೈಕಟ್ಟಿ ನಿಂತು. "ಅಕ್ಕಾರ ದೂರ ಇರ್ಲಿ. ಬಸರಿ ಹೆಣ್ಣಮಕ್ಕಳಿಗೆ ಇದು ಆಗಿ ಬರೂದಿಲ್ಲ. ಮನೀಗೆ ಒಯ್ದ ಮ್ಯಾಲೂ ವಾಸನಿ ಪೂರಾ ಹೋಗೂತನಾ ಕೂಸಿನ್ನ ಹಾಕಬ್ಯಾಡ್ರಿ."

ಗುಲಾಬಬಿ ತಲೆ ಎತ್ತಿ ಗಂಡನ ಮುಖ ನೋಡಿದಳು. ಅವನು ಅದನ್ನು ಎಷ್ಟು ಸಲೀಸಾಗಿ ಅಂದನೆಂದರೆ, ಆ ಮಾತು ಯಾವತ್ತಿನಿಂದಲೋ ಅವನ ಬಾಯಲ್ಲಿತ್ತು, ಕೇಳುವ ಗಿರಾಕಿಗಾಗಿ ಕಾದಿತ್ತು ಅನ್ನಿಸಿತು.

ಪ್ರೇಮಾಬಾಯಿಯವರ ಕಣ್ಣು ಕೋಣೆಯ ಮಬ್ಬಿಗೆ ಹೊಂದಿಕೊಂಡಿತು. ಚೆಂಡು ಕೈಯಲ್ಲಿ ಹಿಡಿದೇ ಎದ್ದು ನಿಂತ ಜೋಹರಾಳ ಮೇಲೆ ನಿಂತಿತು.

"ಇಕಿ ನಿನ್ನ ಸೊಸಿಯೇನ, ಗುಲಾಬಬಿ? ಇಕಿಗೂ ದಿನಾ ಹೋದಂಗ ಕಾಣತದಲ್ಲ?"

"ಹೌದ್ರಿ ಬಾಯಾರ. ನಾಕ ತಿಂಗಳ."

ಪ್ರೇಮಾಬಾಯಿ ಏನೋ ಅನ್ನಹೊರಟವರು ತಿರುಗಿ ಬೇವಿನ ಗಿಡದ ಕಡೆ ನೋಡಿದರು. ಆಮೇಲೆ, "ಇರಲಿ, ನಿಮಗ ರೂಢಿ ಇರತದ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಹೋಗುವಾಗ ಜೋಹರಾಳ ಉಡಿಗೆ ಹಾಕಲು ಗಾಡಿಯಲ್ಲಿದ್ದ ಬಾಳೆಹಣ್ಣು ಕಳಿಸಿಕೊಟ್ಟರು.

ಸಂಜೆ ಊಟಕ್ಕೆ ಕೂತಾಗ ಗುಲಾಬಬಿ ಕೇಳಿದಳು. ಕೇಳಬೇಕೆಂದು ಅಂದುಕೊಂಡಿರಲಿಲ್ಲ, ಗಂಡನ ತಾಟಿಗೆ ರೊಟ್ಟಿ ಹಾಕುವಾಗ ಮಾತು ತಾನಾಗಿ ಬಂತು.

"ಬಾಯಾರ ಮುಂದ ಏನ ಅಂದ್ರಿ ಇವತ್ತ? ಬಸರಿ ಹೆಣ್ಣಮಕ್ಕಳಿಗೆ ಆಗೂದಿಲ್ಲಂತ?"

"ಅದು ಗಿರಾಕಿ ಮಾತ. ಅವರ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಅಂದೆ."

"ಸುಳ್ಳೇನ ಹಂಗಾರ?"

ಖಾಸಿಂಸಾಬ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡ.

"ತೊಟ್ಟಿಲಾ ಹಿತ್ತಲದಾಗ ತೂಗಹಾಕೂಣ್ರಿ," ಎಂದಳು ಅವಳು. "ಹೆಸರಿಡೂ ಮುಂದ ತೊಟ್ಟಿಲದಾಗ ಮೊದಲ ಗುಂಡಕಲ್ಲ ಮಲಗಿಸ್ತಾರಲ್ಲ, ಹಂಗ ಒಂದ ಕಲ್ಲ ಮಲಗಿಸಿದ್ರಾತು. ಖಾಲಿ ಅನ್ನಾಂಗಿಲ್ಲ. ಗಾಳಿ ತೂಗಿದ್ರೂ ದೋಷ ಇಲ್ಲ."

"ಹಸಿ ವಾರ್ನೀಸಿನ ಮ್ಯಾಲೆ ಕಲ್ಲ! ಗುರ್ತ ಬಿದ್ರ ವಕೀಲರ ಮುಂದ ಹೋಗಿ ನೀ ನಿಂದ್ರತೀಯೇನ? ಓಣಿ ತುಂಬ ನೇಕಾರರು ನೂಲಿನ ಹಾಸು ಹೂಡಿರತಾರ. ನೂಲಿನ ಧೂಳೆಲ್ಲಾ ಹಾರಿ ಬಂದ ಅದಕ್ಕ ಹತ್ತತೈತಿ. ಹೊಳಪೆಲ್ಲಿ ಉಳೀತು?"

"ಹೋಗ್ಲಿ, ಜೋಹರಾನ್ನರ ಬಿಡ್ರಿ. ಕೂಸ ಆಗೂತನಾ ನಾ ಒಬ್ಬಾಕಿನ ಮಾಡ್ತೇನಿ."

"ನೀನೇನ? ಕೈ ನೋಡ್ಕೊ ನಿಂದು, ನಡಗತೈತಿ. ಬಾದಾಮಿಗೆ ಹೋದ ತೊಟ್ಟಿಲದ ಮ್ಯಾಲೆ ಗೆರಿ ಬಿದ್ದದ್ದು ಯಾರ ಕೈಲಿಂದ?" ಅವನ ಧ್ವನಿ ಏರಿರಲಿಲ್ಲ. ಏರದ ಧ್ವನಿಯ ಎದುರು ವಾದ ಮಾಡುವುದು ಅವಳಿಗೆ ಇನ್ನೂ ಕಷ್ಟ. "ನಮ್ಮಮ್ಮ ಮಾಡಿದ್ಲು, ನೀ ಮಾಡಿದಿ. ಏನಾತು? ಇಂವ ಹುಟ್ಟಲಿಲ್ಲೇನ?"

ಇಂವ ಅಂದರೆ ಅಹ್ಮದಸಾಬ. ಅಪ್ಪನ ಪಕ್ಕದಲ್ಲಿ ಕೂತವನು ರೊಟ್ಟಿಯನ್ನು ಇನ್ನೂ ಸಣ್ಣ ಸಣ್ಣ ತುಂಡು ಮಾಡಿದ. ಅಮ್ಮನ ಕಡೆ ನೋಡಲಿಲ್ಲ, ಅಡುಗೆಮನೆಯ ಬಾಗಿಲ ಮರೆಯಲ್ಲಿ ಕೂತ ಹೆಂಡತಿಯ ಕಡೆಗೂ ನೋಡಲಿಲ್ಲ.

ಅಹ್ಮದ ಹುಟ್ಟಿದ್ದ, ಖರೆ. ಅವನೊಬ್ಬನೇ. ಅವನ ಹಿಂದೆ ಮುಂದೆ ಹೊಟ್ಟೆಯಲ್ಲಿದ್ದವುಗಳಲ್ಲಿ ಕೆಲವು ಕೈಕಾಲು ಮೂಡುವ ಮೊದಲೇ ಹೋದವು, ಒಂದು ಹುಟ್ಟಿ ಅಳದೆ ಹೋಯಿತು. ಅಹ್ಮದ ಬಂದದ್ದು ಪ್ಲೇಗಿನ ವರ್ಷ. ಮನೆಗಳಲ್ಲಿ ಇಲಿ ಬೀಳತೊಡಗಿದಾಗ ಊರಿಗೆ ಊರೇ ಬಯಲಿಗೆ ಬಿದ್ದು, ಗುಲಾಬಬಿಯ ಸಂಸಾರ ಗುಡೂರಿನಲ್ಲಿ ಅವಳ ಅಣ್ಣನ ಹೊಲದ ಗುಡಿಸಲಿಗೆ ಹೋಗಿತ್ತು. ಯಾರಿಗೂ ತೊಟ್ಟಿಲು ಬೇಕಿರಲಿಲ್ಲ. ವಾರ್ನಿಶ್ ಕುದಿಯಲಿಲ್ಲ. ಬೆಳಗಾದರೆ ಯಾವುದೋ ಗುಡಿಸಲಿನಿಂದ ಅಳುವುದು ಕೇಳುತ್ತಿತ್ತು. ಅದನ್ನು ಕೇಳುತ್ತಲೇ ಅವಳು ಸಜ್ಜೆ ರೊಟ್ಟಿ ಉಣ್ಣುತ್ತಿದ್ದಳು, ತಲೆನೋವಿಲ್ಲದೆ ಮಲಗುತ್ತಿದ್ದಳು, ಕೆನ್ನೆ ತುಂಬಿಕೊಂಡಿದ್ದವು. ಅಷ್ಟು ಜನ ಸಾಯುವಾಗ ತನ್ನ ಮೈ ಹೀಗೆ ತುಂಬಿಕೊಳ್ಳುತ್ತಿದೆಯಲ್ಲ ಎಂದು ನಾಚಿಕೆಪಟ್ಟಿದ್ದಳು. ಆ ಗುಡಿಸಲಿನಲ್ಲಿ ಅಹ್ಮದ ಸುತ್ತಲಿನ ಗುಡಿಸಲಿನವರೆಲ್ಲ ಎದ್ದು ಕೂಡುವಂತೆ ಅಳುತ್ತಾ ಹುಟ್ಟಿದ. ಹಳೆಯ ಕೋಣೆಗೆ ಮರಳಿದ ಮೇಲೆ ಮತ್ತೆ ಯಾವುದೂ ನಿಲ್ಲಲಿಲ್ಲ.

ಇದನ್ನು ಅವಳು ಒಂದೇ ದಿನ ತಿಳಿದುಕೊಂಡದ್ದಲ್ಲ. ಮೊದಲು ತನ್ನ ಹಣೆಬರಹ ಅಂದುಕೊಂಡಳು. ದರ್ಗಾಕ್ಕೆ ಚಾದರ ಹೊದಿಸಿದಳು, ತಾಯಿತ ಕಟ್ಟಿಕೊಂಡಳು. ಹೊಟ್ಟೆ ನಿಲ್ಲುವ ವಯಸ್ಸು ಕಳೆದು, ಆಸೆಯೂ ಭಯವೂ ಇಲ್ಲದೆ ಹಿಂದಕ್ಕೆ ನೋಡುವಂತಾದಾಗ ಮಾತ್ರ ಅದು ಕಂಡಿತು. ಕಂಡದ್ದರಿಂದ ಅವಳಿಗೆ ಏನೂ ಉಪಯೋಗವಾಗಲಿಲ್ಲ.

ಮರುವಾರ ಮೂರನೆಯ ಕೈ ಹಚ್ಚುವಾಗ ಜೋಹರಾಳ ಸೀರೆಗೆ ರಕ್ತದ ಕಲೆಯಾಯಿತು. ಸೂಲಗಿತ್ತಿ ಸಕ್ರವ್ವನನ್ನು ಕರೆಸಿದರು. ಸಕ್ರವ್ವ ಹೊಟ್ಟೆ ಮುಟ್ಟಿ ನೋಡಿ, ಕೂಸು ಇನ್ನೂ ಇದೆ, ಕಲೆ ನಿಲ್ಲುವವರೆಗೆ ನೆಲ ಬಿಟ್ಟು ಏಳಬಾರದು ಎಂದು ಹೇಳಿ ಅಂಗಳಕ್ಕೆ ಬಂದಳು. ಗುಲಾಬಬಿ ಅವಳಿಗೆ ಎಲೆ ಅಡಿಕೆ ಕೊಟ್ಟು ಮೆಲ್ಲಗೆ ಕೇಳಿದಳು.

"ಸಕ್ರವ್ವಾ, ಆ ಕ್ವಾಣ್ಯಾಗಿನ ವಾಸನಿಗೆ ಹಿಂಗ ಆಗತಿರಬೇಕೇನ?"

"ಯಾವ ವಾಸನಿ? ನೀಲಗಾರ ಓಣ್ಯಾಗ ನೀಲಿ ಕೊಳತು ನಾರತೈತಿ, ಮೂಗ ಹಿಡಿದ ಹೋಗಬೇಕು. ಅಲ್ಲಿ ಹೆಂಗಸರಿಗೆ ವರ್ಷಕ್ಕೊಂದ ಆಗತಾವು, ನನಗ ಪುರಸೊತ್ತ ಕೊಡವಲ್ಲರು." ಸಕ್ರವ್ವ ಸುಣ್ಣ ಹಚ್ಚಿಕೊಂಡಳು. "ನಿಮ್ಮ ಮನೀದು ಬ್ಯಾರೆ ಏನೋ ಐತಿ ನೋಡ, ಗುಲಾಬವ್ವಾ. ನಿಮ್ಮತ್ತೀದೂ ನಾನ ಮಾಡೇನಿ, ನಿಂದೂ ನಾನ ಮಾಡೇನಿ. ನೀವು ನಿಮ್ಮ ಪೀರಗ ಬೇಡ್ಕೋರಿ. ನಾ ಮಹಾಕೂಟಕ್ಕ ಹೋದಾಗ ಹೊಂಡದ ನೀರ ತಂದ ಕೊಡ್ತೇನಿ, ಒಂದ ಗುಟಕ ಕುಡಸ. ನೀರಿಗೆ ಜಾತಿ ಎಲ್ಲೈತಿ?"

ಅವಳ ಮಾತಿನಲ್ಲಿ ಅಂತಃಕರಣ ಇತ್ತು. ಗುಲಾಬಬಿ ಹೂಂ ಅಂದಳು. ಹೇಳಿದರೆ ಒಪ್ಪುವವರು ಊರಿನಲ್ಲಿ ಒಬ್ಬರಾದರೂ ಇದ್ದಾರೆಯೇ ಎಂಬ ಅವಳ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಉಳಿದವಳು ಜೋಹರಾ ಒಬ್ಬಳೇ. ಕೌದಿಯ ಮೇಲೆ ಮಲಗಿದ್ದವಳ ತಲೆ ಬಾಚುತ್ತ ಗುಲಾಬಬಿ ಎಲ್ಲವನ್ನೂ ಹೇಳಿದಳು. ಪ್ಲೇಗಿನ ವರ್ಷ, ಗುಡೂರಿನ ಗುಡಿಸಲು, ಅಳದೆ ಹೋದ ಕೂಸು. ಜೋಹರಾ ಕೊನೆಯವರೆಗೆ ಕೇಳಿದಳು. ಆಮೇಲೆ ತಲೆ ಸರಿಸಿಕೊಂಡಳು.

"ಮಾವ ನನ್ನ ಕೈ ಹೊಗಳಿದಾಗಿಂದ ನೀವು ಹಿಂಗ ಮಾಡಾಕತ್ತೀರಿ."

"ಜೋಹರಾ!"

"ನನಗೂ ಕಣ್ಣ ಅದಾವ್ರಿ, ಫುಪ್ಪೂ. ನೀರ ತಾ, ಕೋಳಿ ನೋಡು. ಈಗ ಈ ಕಥಿ. ನಮ್ಮಪ್ಪನ ಮನ್ಯಾಗ ಆರ ಮಂದಿ ಹೆಣ್ಣ, ನನ್ನ ಹೆಸರ ಹಿಡದ ಯಾರೂ ಒಂದ ಛಲೋ ಮಾತ ಆಡಲಿಲ್ಲ. ಇಲ್ಲಿ ಆಡ್ಯಾರ. ಅದನ್ನ ಬಿಟ್ಟ ಮೂಲ್ಯಾಗ ಬೀಸಿಕೋತ ಕುಂದರಲೇನ?" ಅವಳು ಗೋಡೆಯ ಕಡೆ ಹೊರಳಿದಳು. "ವಕೀಲರ ತೊಟ್ಟಿಲಾ ಮುಗೀತಂದ್ರ ಮುಂದಿಂದು ನನ್ನ ಕೂಸಿಂದು. ಅದಕ್ಕ ನಾಕೂ ಮಗ್ಗಲ ನಾನ ಹಚ್ಚಾಕಿ. ಯಾರ ಬ್ಯಾಡಂದ್ರೂ ಬಿಡೂದಿಲ್ಲ."

ಗುಲಾಬಬಿ ಹಣಿಗೆ ಕೆಳಗಿಟ್ಟಳು. ಹುಡುಗಿಯ ಮಾತಿನಲ್ಲಿ ಒಂದು ಎಳೆ ನಿಜವಿತ್ತು. ಅದಿಲ್ಲದಿದ್ದರೆ ಗದರಿಸಿ ಕಟ್ಟಿಹಾಕಲು ಅವಳಿಗೆ ಇನ್ನಷ್ಟು ಧೈರ್ಯ ಬರುತ್ತಿತ್ತು.

ಕಲೆ ನಿಂತಿತು. "ನಾಳಿಂದ ಕುಂದರತಾಳೇನ?" ಎಂದು ಖಾಸಿಂಸಾಬ ಕೇಳಿದ. ಗುಲಾಬಬಿ ಬಾಯಿ ತೆರೆಯುವ ಮೊದಲೇ ಒಳಗಿನಿಂದ "ಹೂಂನ್ರಿ ಮಾವಾ" ಎಂದು ಜೋಹರಾಳ ಧ್ವನಿ ಬಂತು.

ಅವತ್ತು ಹೊತ್ತು ಇಳಿಯುವಾಗ ಗುಲಾಬಬಿ ಒಬ್ಬಳೇ ಕೋಣೆಗೆ ಹೋದಳು. ಕೊನೆಯ ಕೈ ಉಳಿದಿತ್ತು. ಅದಕ್ಕೆ ಮುಂಚೆ ಹಲಗೆಗಳನ್ನು ಒಣ ಬಟ್ಟೆಯಿಂದ ಒರೆಸಿಡುವುದು ಅವಳ ಕೆಲಸ. ಒರೆಸುತ್ತ ಒರೆಸುತ್ತ ಅವಳಿಗೆ ಅಲೀಮಾಳ ನೆನಪಾಯಿತು.

ಅಲೀಮಾ ಅವಳ ಮೈದುನ ಮುರ್ತುಜಸಾಬನ ಹೆಂಡತಿ. ಹೊಸದಾಗಿ ಬಂದಾಗ ಅವಳನ್ನೂ ಈ ಕೋಣೆಯಲ್ಲಿ ಕೂಡಿಸಿದ್ದರು. ಅವಳು ಹಚ್ಚಿದ ಕಡೆ ವಾರ್ನಿಶ್ ನಿಲ್ಲುತ್ತಿರಲಿಲ್ಲ. ಮುದುಡಿ, ಹನಿಹನಿಯಾಗಿ ಒಡೆದು, ಹಲಗೆಯ ಮೇಲೆ ಸಿಡುಬು ಎದ್ದಂತೆ ಕಾಣುತ್ತಿತ್ತು. ಒಂದು ತೊಟ್ಟಿಲು ಕೆಟ್ಟಿತು, ಇನ್ನೊಂದು ಕೆಟ್ಟಿತು. "ಬಿಸಿ ಕೈ" ಎಂದು ಖಾಸಿಂಸಾಬ ಅಂಗಳದಲ್ಲಿ ನಿಂತು, ಓಣಿಯವರು ಕೇಳುವಂತೆ ಹೇಳಿದ. "ಈ ಕೈ ನಮ್ಮ ಕೆಲಸಕ್ಕ ಒಲ್ಲದ ಕೈ. ಇನ್ನ ಈ ಕ್ವಾಣಿ ಹೊಸ್ತಲ ದಾಟಬಾರದು." ಅಲೀಮಾ ಮುಖ ಮುಚ್ಚಿಕೊಂಡು ಅತ್ತಿದ್ದಳು. ಬಾದಾಮಿಗೆ ಹೋಗಿ ಬೇರೆ ಸಂಸಾರ ಹೂಡಿದ ಮೇಲೂ ಆ ಮಾತು ಅವಳನ್ನು ಬಿಡಲಿಲ್ಲ. ಮದುವೆ ಮನೆಗಳಲ್ಲಿ ಅವಳು ಹಪ್ಪಳದ ಹಿಟ್ಟು ಮುಟ್ಟಿದರೂ "ಬಿಸಿ ಕೈ, ನೋಡ್ರೇ" ಎಂದು ಯಾರಾದರೂ ನಗುತ್ತಿದ್ದರು. ಅಲೀಮಾಳ ಮನೆಯಲ್ಲಿ ಈಗ ಮಕ್ಕಳು ಎಷ್ಟೆಂದರೆ, ಊಟಕ್ಕೆ ಕೂತಾಗ ತಾಟು ಸಾಲುವುದಿಲ್ಲ.

ಕೈ ಬಿಸಿಯೂ ಇರಲಿಲ್ಲ, ತಣ್ಣಗೂ ಇರಲಿಲ್ಲ. ಅಲೀಮಾ ತಲೆಗೆ ಔಡಲೆಣ್ಣೆ ಸುರಿದುಕೊಳ್ಳುತ್ತಿದ್ದಳು, ಮಾತಿಗೊಮ್ಮೆ ಕೂದಲು ಮುಟ್ಟಿ ಅದೇ ಕೈಯನ್ನು ಹಲಗೆಗೆ ಊರುತ್ತಿದ್ದಳು. ಜಿಡ್ಡಿನ ಮೇಲೆ ವಾರ್ನಿಶ್ ಹಿಡಿಯುವುದಿಲ್ಲ. ಅದನ್ನು ಗುಲಾಬಬಿ ಆಗಲೇ ನೋಡಿದ್ದಳು, ಆದರೆ ಹೊಸ ಸೊಸೆ ಬೈಸಿಕೊಳ್ಳುವಾಗ ಹಿರಿಯ ಸೊಸೆಯಾದ ತನಗೆ ಹೇಳಬೇಕು ಅನ್ನಿಸಿರಲಿಲ್ಲ.

ಅವಳ ಒರೆಸುವ ಕೈ ನಿಂತಿತು.

ಜೋಹರಾ ಹಚ್ಚುವ ಮಗ್ಗುಲನ್ನು ಒರೆಸುವ ಈ ಚಿಂದಿಗೆ ಸ್ವಲ್ಪವೇ ಎಣ್ಣೆ ಸಾಕು. ಕಣ್ಣಿಗೆ ಕಾಣದಷ್ಟು. ವಕೀಲರ ತೊಟ್ಟಿಲು ಕೆಡುತ್ತದೆ. ಹೆರೆದು ಮತ್ತೆ ಬಣ್ಣ ಬರೆಯಬೇಕಾಗುತ್ತದೆ, ಖಾಸಿಂಸಾಬ ಕೂಗಾಡುತ್ತಾನೆ. ಒಮ್ಮೆ ಕೆಟ್ಟರೆ ಅವನು ನಂಬಲಿಕ್ಕಿಲ್ಲ, ಕೈಯಲ್ಲಿ ಕನ್ನಡಿ ಇದೆ ಅಂದವನು. ಎರಡನೆಯದೂ ಕೆಡಬೇಕು, ಅದು ಹುಡುಗಿ ತನ್ನ ಕೂಸಿಗೆಂದು ಹಚ್ಚುವ ತೊಟ್ಟಿಲಾಗಿರುತ್ತದೆ. ಆಗ ಅವನು ಅಂಗಳಕ್ಕೆ ಬಂದು ಅದೇ ಮಾತು ಅನ್ನುತ್ತಾನೆ. ಜೋಹರಾ ತನ್ನ ಕೈಗಳನ್ನು ತಿರುವಿ ತಿರುವಿ ನೋಡಿಕೊಳ್ಳುತ್ತಾಳೆ. ಒಂದು ದಿನ ಅವಳ ಮಗಳ ಮದುವೆಯಲ್ಲೂ ಯಾರೋ ಅದನ್ನು ಎತ್ತಿ ಆಡುತ್ತಾರೆ. ಆ ಮಗಳು ಇರುತ್ತಾಳೆ.

ಮತ್ತೆ ಈ ಕೋಣೆಯಲ್ಲಿ ತಾನೊಬ್ಬಳೇ, ನಡುಗುವ ಕೈ, ಗೆರೆ ಬಿದ್ದ ಹಲಗೆ. ಅದಕ್ಕೂ ಬೈಗುಳ ಇದ್ದೇ ಇದೆ. ಅದನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ.

ಬಾಗಿಲು ಸರಿದು ಜೋಹರಾ ಇಣುಕಿದಳು. ಜಡೆ ಬಿಗಿದು ಹೆಣೆದುಕೊಂಡಿದ್ದಳು. ಬಹಳ ದಿನಗಳ ಮೇಲೆ ಮುಖದಲ್ಲಿ ಗೆಲುವಿತ್ತು. ಜಗಳ ಆಡಿದ್ದಕ್ಕೆ ತುಸು ನಾಚಿಕೆಯೂ ಇತ್ತು.

"ಫುಪ್ಪೂ, ನಾಳಿಗೆ ಯಾವ ಮಗ್ಗಲ ಹಚ್ಚಲಿ? ಸಿಟ್ಟ ಬ್ಯಾಡ್ರಿ. ನೀವು ಹೇಳಿದ್ದ ಹಚ್ತೇನಿ. ಗ್ವಾಡಿ ಕಡೀದ ಕೊಟ್ರೂ ನಡದೀತು."

ಗುಲಾಬಬಿ ಕೈಲಿದ್ದ ಬಟ್ಟೆಯನ್ನು ಮಡಚಿ, ಎಣ್ಣೆಗೆ ಬೇಕಾದೀತೆಂದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಗ್ವಾಡಿ ಕಡೀದು ನನಗಿರ್ಲಿ," ಎಂದಳು. "ನೀ ಮುಂದಿಂದು ಹಚ್ಚ. ಬಂದವರ ಕಣ್ಣಿಗೆ ಮೊದಲ ಬೀಳೂದು ಅದು."